ಬಾಲ್ಯದ ಗಾಯ, ಬೆಳೆದ ಮೇಲಿನ ಚಿಕಿತ್ಸೆ

ಯಲಹಂಕದಿಂದ ಹೆಬ್ಬಾಳದ ಮಾರ್ಗವಾಗಿ ಬರುವ ಬಸ್ಸಿನಲ್ಲಿ ಮೂವತ್ತು ವರ್ಷದ ಮಹಿಳೆಯೊಬ್ಬಳು ಕುಳಿತಿರುವಳೆಂದು ಭಾವಿಸೋಣ. ಪಕ್ಕದವರ ತಲೆಯೆಣ್ಣೆಯ ವಾಸನೆ ಸೋಕಿದೊಡನೆ ಆಕೆಯ ಎದೆ ಹೊಡೆದುಕೊಳ್ಳತೊಡಗುತ್ತದೆ, ಅಂಗೈ ಬೆವರುತ್ತದೆ. ಬಾಲ್ಯದಲ್ಲಿ ಆಕೆಯ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಬಂಧುವು ಅದೇ ಎಣ್ಣೆಯನ್ನು ಹಚ್ಚುತ್ತಿದ್ದನು. ಇಪ್ಪತ್ತು ವರ್ಷಗಳು ಕಳೆದರೂ ದೇಹವು ಅದನ್ನು ಮರೆತಿಲ್ಲವೇಕೆ?

ಅಪಾಯವನ್ನು ಗುರುತಿಸಿ ದೇಹವನ್ನು ಎಚ್ಚರಿಸುವುದರಲ್ಲಿ ಮಿದುಳಿನ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗಕ್ಕೆ ಮುಖ್ಯ ಪಾತ್ರವುಂಟು. ತೀವ್ರ ಭಯದ ವೇಳೆ ಕಂಡ, ಕೇಳಿದ, ಮೂಸಿದ ಸಂಗತಿಗಳು ಆ ಭಯದೊಡನೆ ಹೆಣೆದುಕೊಳ್ಳುತ್ತವೆ. ಮುಂದೆ ಅವುಗಳಲ್ಲೊಂದು ಎದುರಾದರೂ ಸಾಕು, ದೇಹವು ಹಿಂದಿನಂತೆಯೇ ನಡುಗುವುದು.

‘ಅಂದು ನಾನೇಕೆ ಕೂಗಿಕೊಳ್ಳಲಿಲ್ಲ?’ ಎಂಬ ಪ್ರಶ್ನೆ ಅನೇಕರನ್ನು ಬಹುಕಾಲ ಬಾಧಿಸುತ್ತದೆ. ಭಯಗೊಂಡ ಜೀವಿಯು ಹೋರಾಡಬಹುದು, ಓಡಬಹುದು, ಮರಗಟ್ಟಿ ನಿಲ್ಲಲೂಬಹುದು. ಈ ಮೂರನೆಯದೂ ದೇಹದ ಸಹಜ ಪ್ರತಿಕ್ರಿಯೆಯೇ. ಮಗುವಿನ ಮೌನವು ಸಮ್ಮತಿಯಲ್ಲ. ತಪ್ಪು ದೌರ್ಜನ್ಯ ನಡೆಸಿದವನದೇ.

ಇಂಥ ಅನುಭವ ವಿರಳವೂ ಅಲ್ಲ. ಭಾರತ ಸರ್ಕಾರವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ರಾಜ್ಯಗಳ 12,447 ಮಕ್ಕಳ ಪೈಕಿ ಶೇಕಡ 53ರಷ್ಟು ಮಂದಿ ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ತಿಳಿಸಿದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳು.

ಚಿಕಿತ್ಸೆ ಹೇಗೆ? ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಯ ಮೂರು ಘಟ್ಟಗಳನ್ನು ವಿವರಿಸಿದರು. ಮೊದಲನೆಯದು ಸುರಕ್ಷತೆ: ನಿದ್ರೆ, ಉಸಿರು, ನಿತ್ಯಜೀವನ ಇವು ಹಿಡಿತಕ್ಕೆ ಬರಬೇಕು. ಎರಡನೆಯದು, ನಡೆದುದನ್ನು ನೆನೆದು ದುಃಖಿಸುವುದು. ಮೂರನೆಯದು, ಜನರೊಡನೆ ಬಾಳನ್ನು ಮತ್ತೆ ಕಟ್ಟಿಕೊಳ್ಳುವುದು. ಆದ್ದರಿಂದ ನುರಿತ ಆಪ್ತಸಲಹೆಗಾರರು ಮೊದಲ ದಿನವೇ ಹಳೆಯದನ್ನು ಕೆದಕುವುದಿಲ್ಲ. ಏನನ್ನು, ಎಂದು ಹೇಳಬೇಕೆಂಬುದು ಬಂದವರ ಇಚ್ಛೆಗೇ ಸೇರಿದ್ದು. ಬಾಲ್ಯದಲ್ಲಿ ಅವರಿಂದ ಕಸಿದುಕೊಂಡದ್ದೂ ಆ ಇಚ್ಛೆಯನ್ನೇ ಅಲ್ಲವೆ? ನೆನಪು ಅಳಿಸಿಹೋಗದು, ಆದರೆ ಎಣ್ಣೆಯ ವಾಸನೆ ಬಂದಾಗ ‘ಇದು ಇಂದು, ಅದು ಅಂದು’ ಎಂದು ದೇಹವು ಕ್ರಮೇಣ ಕಲಿಯಬಲ್ಲದು.

ಯಶವಂತಪುರ, ಯಲಹಂಕಗಳ ನಿವಾಸಿಗಳಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯು ದೂರವೆನಿಸಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತ ನೆರವು ದೊರೆಯುತ್ತದೆ. ಹದಿನೆಂಟು ತುಂಬದವರಿಗೆ 1098 ಇದೆ.

ಗೆಳೆಯರೊಬ್ಬರು ನಿಮ್ಮಲ್ಲಿ ಇಂಥ ಮಾತನ್ನು ಹೇಳಿಕೊಂಡರೆ ವಿವರಗಳನ್ನು ಕೇಳಬೇಡಿ. ‘ನಿನ್ನನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ’ ಎನ್ನಿರಿ. ಚಿಕಿತ್ಸೆಯು ಅನೇಕ ವೇಳೆ ಅಲ್ಲಿಂದಲೇ ಆರಂಭವಾಗುತ್ತದೆ.