ಬೆಳಗಾವಿಯಲ್ಲಿ ಊಟ, ಸವದತ್ತಿಯಲ್ಲಿ ಅಡಿಕೆ

ಅಡಿಕೆ ಕೊಯ್ಲು ಮುಗಿದು, ಕಾಫಿ ಒಣಗಿ ಚೀಲ ಸೇರಿದ ಮೇಲೆ ಬೆಳೆಗಾರನಿಗೆ ಉಸಿರಾಡುವಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಊಟ ಇದ್ದದ್ದೇ. ಈ ಸಲ ಸಂಘದ ಎಂಟು ಮಂದಿ ನಾವು ಒಂದು ಟೆಂಪೊ ಗೊತ್ತುಮಾಡಿಕೊಂಡು, ಭಾರತ ಹುಣ್ಣಿಮೆ ಕಳೆದ ಮರುವಾರದ ಶನಿವಾರ ಭಾನುವಾರ, ಯಾರೂ ಕರೆಯದ ಊರಿಗೆ ಉಣ್ಣಲು ಹೋದೆವು. ಬೆಳಗಾವಿ ಪೇಟೆಯಲ್ಲಿ ತಿನ್ನುವುದು, ಕೊಳ್ಳುವುದು; ಮರಳುವಾಗ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮೇಲೆ ಬರುವುದು; ಇಷ್ಟೇ ಕಾರ್ಯಕ್ರಮ. ತಿಂಡಿ ತೀರ್ಥದ ವಿಷಯ ಸಂಘದ ಪತ್ರಿಕೆಗೆ ಯಾಕೆ ಎಂದು ಕೇಳುವ ಸದಸ್ಯರಿದ್ದಾರೆ. ನಾವು ಬೆಳೆಯುವ ಎರಡೂ ಪದಾರ್ಥ ಜನರ ಬಾಯಿಗೆ ಹೋಗುವಂಥವು. ಆ ಬಾಯಿ ಏನನ್ನು ಹೆಸರು ಹಿಡಿದು ಕೇಳುತ್ತದೆ, ಏನನ್ನು ಕೇಳುವುದಿಲ್ಲ ಎಂದು ನೋಡಿ ಬರುವುದು ಮಂಡಿಯ ಧಾರಣೆ ಪಟ್ಟಿ ಓದುವಷ್ಟೇ ಅಗತ್ಯವೆಂದು ನಮ್ಮ ಅಭಿಪ್ರಾಯ.

ಧಾರವಾಡ ದಾಟುವಾಗ ಲೈನ್ ಬಜಾರಿನಲ್ಲಿ ಪೇಡಾ ಕಟ್ಟಿಸಿಕೊಂಡೆವು. ಉತ್ತರ ಪ್ರದೇಶದ ಉನ್ನಾವಿನಿಂದ ಬಂದು ನೆಲೆಸಿದ ಠಾಕೂರ್ ಮನೆತನದವರು ಖೋವಾ ಹುರಿದು ಹುರಿದು ಕಂದು ಬಣ್ಣಕ್ಕೆ ತಂದು ಮಾರಿದ ಸಿಹಿ ಅದು. ಈಗ ಭೌಗೋಳಿಕ ಸೂಚಿಯ ಪಟ್ಟಿಯಲ್ಲಿ ಧಾರವಾಡದ ಹೆಸರಿನಲ್ಲೇ ದಾಖಲಾಗಿದೆ. ಬೇರೆ ಸೀಮೆಯಿಂದ ಬಂದ ಕೈ, ಧಾರವಾಡದ ಹಾಲು, ಹೆಸರು ಮಾತ್ರ ಊರಿಗೆ. ಇದನ್ನು ಸದಸ್ಯರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕಿತ್ತೂರಿನಲ್ಲಿ ಇಳಿದು ಕೋಟೆಯ ಹಾಳುಗೋಡೆಗಳನ್ನು ನೋಡಿದೆವು. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಪಡೆ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದು ಇಲ್ಲಿಯೇ. ಬಳಿಕ ರಸ್ತೆ ಬದಿಯ ಹೊಟೇಲಿನಲ್ಲಿ ಮಿರ್ಚಿ ಭಜಿ, ಗಿರ್ಮಿಟ್ಟು. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜು ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದನ್ನು ಕೂಡಲೇ ತಿನ್ನಬೇಕು. ಮಾತಾಡುತ್ತ ಕೂತರೆ ಮೆತ್ತಗಾಗುತ್ತದೆ. ಖಾರ ತಲೆಗೇರಿದ ಮೇಲೆ ನಮ್ಮಲ್ಲೊಬ್ಬರು ಅಭ್ಯಾಸಬಲದಿಂದ ಕಾಫಿ ಕೇಳಿದರು. ಹೊಟೇಲಿನವರು, “ಚಾ ಐತ್ರಿ. ಕಾಫೀನ ಬೇಕಂದ್ರ ಪಾಕೀಟ ಒಡದ ಮಾಡಿಕೊಡ್ತೇನ್ರೀ ಸಾಹೇಬ್ರ” ಎಂದರು. ಅವರ ದನಿಯಲ್ಲಿ ರೋಗಿಗೆ ಗಂಜಿ ಕಾಯಿಸಿಕೊಡುವ ಕನಿಕರವಿತ್ತು. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅದರ ಹೆಚ್ಚಿನ ಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ನಮ್ಮ ತೋಟದಿಂದ ಅರ್ಧ ದಿನದ ದಾರಿಯ ಕಿತ್ತೂರಿಗೆ ಅದು ಬರುವುದು ಚಿಟಿಕೆ ಪುಡಿಯ ಪಾಕೀಟಾಗಿ.

ಮಧ್ಯಾಹ್ನ ಬೆಳಗಾವಿಯ ಒಂದು ಖಾನಾವಳಿ. ಊಟವೆಂದರೆ ಇದು. ತಾಟಿನ ತುಂಬ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಹಸಿ ಮೆಂತ್ಯಸೊಪ್ಪು, ಗಟ್ಟಿ ಮೊಸರು. ಒಬ್ಬ ತಾಯಿ ಬಡಿಯುತ್ತಿದ್ದರು, ಇನ್ನೊಬ್ಬರು ಬೇಯಿಸುತ್ತಿದ್ದರು. ನಮ್ಮ ಮನೆಗಳಲ್ಲಿ ರೊಟ್ಟಿ ಯಾಕೆ ಅಂಚು ಒಡೆದು ಚೂರಾಗುತ್ತದೆ ಎಂದು ಕೇಳಿದೆವು. “ಹಿಟ್ಟಿಗೆ ಜಿಗಿ ಇರಬೇಕ್ರೀ ಅಣ್ಣಾರ. ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ” ಎಂದರು. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಬೆಂದು ಹಿಡಿತ ಬರುತ್ತದೆ. ಬೀಸಿ ಹೆಚ್ಚು ದಿನವಾದರೆ ಆ ಗುಣ ಹೋಗುತ್ತದೆ. ಆದ್ದರಿಂದ ಜೋಳ ತಂದಿಟ್ಟು ವಾರಕ್ಕಷ್ಟೇ ಬೀಸಿಸಬೇಕು. ಜೋಳ ಎಲ್ಲಿಯದು ಎಂಬ ನಮ್ಮ ಪ್ರಶ್ನೆಗೆ ಉತ್ತರ ಬಂತು: “ಸವದತ್ತಿ ಕಡೇದ್ರಿ. ಎರಿ ಹೊಲದ್ದು.” ಆದರೆ ಬಾಗಿಲ ಫಲಕದಲ್ಲಿ ಖಾನಾವಳಿಯ ಹೆಸರಿತ್ತೇ ಹೊರತು ಸವದತ್ತಿಯ ಹೆಸರಿರಲಿಲ್ಲ.

ಸಂಜೆ ಪೇಟೆ ತಿರುಗಿದೆವು. ಗಣಪತಿ ಗಲ್ಲಿಯ ಹಣ್ಣು ತರಕಾರಿ, ಖಡೇ ಬಜಾರಿನ ಬಟ್ಟೆ, ರವಿವಾರ ಪೇಟೆಯ ಸಗಟು ಕಿರಾಣಿ. ವ್ಯಾಪಾರಿ ನಮಗೆ ಕನ್ನಡದಲ್ಲಿ ದರ ಹೇಳಿ, ಪಕ್ಕದವರಿಗೆ ಮರಾಠಿಯಲ್ಲಿ ತೂಕ ಹೇಳುವ ಸಲೀಸು ನೋಡುವಂತಿತ್ತು. ಕುಂದಾ ಒಂದೊಂದು ಕಿಲೋ ಕೊಂಡೆವು. ಒಲೆಯ ಮೇಲೆ ಮರೆತ ಹಾಲು ಗಟ್ಟಿಯಾಗಿ ಕುಂದಾ ಹುಟ್ಟಿತೆಂದು ಪೇಟೆಯಲ್ಲಿ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಹಾಲನ್ನು ತಾಳ್ಮೆಯಿಂದ ಇಂಗಿಸಿ, ಸಕ್ಕರೆ ಕೆಂಪಗಾಗುವವರೆಗೆ ಕೈಯಾಡಿಸಿದ ಆ ಹರಳು ಹರಳಾದ ಸಿಹಿಗೆ ನಾವು ಪೇಡಾಕ್ಕಿಂತ ಒಂದು ಅಂಕ ಹೆಚ್ಚು ಕೊಡುತ್ತೇವೆ. ಗೋಕಾಕದ ಕರದಂಟು ಇಲ್ಲೂ ಸಿಗುತ್ತದೆ. ಕರಿದ ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ ಸೇರಿದ್ದು. ಹಲ್ಲು ಗಟ್ಟಿಯಿದ್ದವರಿಗೆ ಮಾತ್ರ. ಮಂಡಿಗೆಯನ್ನು ಮಾತ್ರ ಮನೆಗೆ ಒಯ್ಯುವ ಆಸೆ ಬಿಡಬೇಕು. ಬಟ್ಟೆಯಂತೆ ತೆಳ್ಳಗಿನ ಅದು ನಮ್ಮ ಘಟ್ಟದ ರಸ್ತೆಯಲ್ಲಿ ಪುಡಿಯಾಗದೆ ಉಳಿಯದು.

ಗಿರಾಕಿಗಳು ಕುಂದಾ ಎಂದರೆ ಬೆಳಗಾವಿ, ಕರದಂಟು ಎಂದರೆ ಗೋಕಾಕ ಎಂದು ಊರು ಹಿಡಿದು ಕೇಳುತ್ತಿದ್ದರು. ನಾವು ಒಂದು ಕಿರಾಣಿ ಅಂಗಡಿಯಲ್ಲಿ, ಈ ಅಡಿಕೆ ಯಾವ ಊರಿನದೆಂದು ಕೇಳಿದೆವು. ವ್ಯಾಪಾರಿ ನಕ್ಕು, “ಅಡಿಕಿಗೆ ಯಾವ ಊರ್ರಿ? ಮಂಡಿಯಿಂದ ಬರ್ತೈತಿ” ಎಂದರು. ಶಿರಸಿ ಸುಪಾರಿಗೆ, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಆ ಕಾಗದ ಈ ಅಂಗಡಿಯ ಡಬ್ಬಿಯವರೆಗೆ ಬಂದಿಲ್ಲ. ಕಾಫಿ ಪುಡಿಯ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿದೆವು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಮೇಲೆ ಅಚ್ಚು ಹಾಕಬೇಕು ಎಂಬುದು ಕಾಯಿದೆ. ಅಂದರೆ ಅರ್ಧದಷ್ಟು ಬೇರು ಕುಡಿದ ಬೆಳಗಾವಿಯವರು, ಕಾಫಿಗಿಂತ ಚಾ ಲೇಸು ಎಂದರೆ ತಪ್ಪು ಅವರದಲ್ಲ.

ಪಾನಿನ ಅಂಗಡಿಯ ಮುಂದೆ ತೋರಣದಂತೆ ತೂಗುವ ಚೀಟಿಗಳನ್ನೂ ನೋಡಿದೆವು. ತಂಬಾಕು ಬೆರೆತ ಗುಟ್ಕಾವನ್ನು 2013ರಲ್ಲಿ ರಾಜ್ಯ ನಿಷೇಧಿಸಿದ ಮೇಲೆ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ. ಬಾಯಿಯಲ್ಲಿ ಎರಡೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಇದು ನಮಗೆ ಹಿತವಾದ ಮಾತಲ್ಲ. ಆದರೆ ಕಿವಿ ಮುಚ್ಚಿಕೊಂಡರೆ ಮಾತು ನಿಲ್ಲುವುದಿಲ್ಲ. ನಮ್ಮ ಮಾಲು ಈ ಚೀಟಿಯೊಂದನ್ನೇ ನಂಬಿ ಕೂರುವುದು ಜಾಣತನವೂ ಅಲ್ಲ.

ಭಾನುವಾರ ಬೆಳಿಗ್ಗೆ ಬೈಲಹೊಂಗಲ. ಹತ್ತಿ ವ್ಯಾಪಾರಕ್ಕೆ ಹೆಸರಾದ ಪೇಟೆ. ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ತೀರಿಕೊಂಡದ್ದು ಇಲ್ಲಿ. ಸಮಾಧಿಗೆ ಕೈಮುಗಿದು ಮುಂದೆ ಹೊರಟೆವು. ರಸ್ತೆಯ ಎರಡೂ ಬದಿ ಕಪ್ಪು ಎರೆಭೂಮಿ. ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದರೆ ನೆಲ ಹಿಡಿದಿಟ್ಟ ತೇವದಲ್ಲೇ ಬೆಳೆದು ಕೈಗೆ ಬರುತ್ತದೆ. ಇಲ್ಲಿಯವರು ನೆಚ್ಚುವ ತಳಿ ಮಾಲದಂಡಿ. ಕಾಳು ಮುತ್ತಿನಂತೆ, ಮೇವು ದನಕ್ಕೆ ಪ್ರೀತಿ. ಎಳೆ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲ ಮುಗಿದಿತ್ತು, ಅದೊಂದು ಕೊರತೆ. ಒಂದು ರಾಶಿಯ ಬಳಿ ಟೆಂಪೊ ನಿಲ್ಲಿಸಿ ಮಾತಾಡಿಸಿದೆವು. ರೈತರು ಧಾರಣೆ, ಕೂಲಿ, ಮಳೆ ಎಂದು ಆಡಿದ ಮಾತುಗಳಲ್ಲಿ ಬೆಳೆಯ ಹೆಸರು ಬದಲಿಸಿದರೆ ಸಾಕು, ನಮ್ಮ ಸಂಘದ ಜಗಲಿಯ ಮಾತೇ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆ ಕಳೆದರೂ ಜನ ಕರಗಿರಲಿಲ್ಲ. ಕಲ್ಲೊಲೆ ಹೂಡಿ ಹೋಳಿಗೆ, ಕಡಬು ಮಾಡುವ ಕುಟುಂಬಗಳು, ಭಂಡಾರದ ಹಳದಿ, ಉಧೋ ಎಂಬ ಕೂಗು. ಸಾಲು ಅಂಗಡಿಗಳಲ್ಲಿ ದೇವಿಗೆ ಉಡಿ ತುಂಬುವ ಸಾಮಾನು: ಕುಬಸದ ಕಣ, ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲೆ, ಮತ್ತು ಇಡೀ ಅಡಿಕೆ. ಈ ಎರಡು ದಿನಗಳಲ್ಲಿ ನಮ್ಮ ಅಡಿಕೆಯನ್ನು ಜನ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡದ್ದನ್ನು ನೋಡಿದ್ದು ಇಲ್ಲೊಂದೇ ಕಡೆ. ಆದರೆ ಆ ಅಡಿಕೆಯೋ! ಕೈಗೆ ತೆಗೆದುಕೊಂಡರೆ ಹಗುರ, ಹುಳು ಕೊರೆದ ತೂತು, ಒಳಗೆ ಪೊಳ್ಳು. ನಮ್ಮ ಮಂಡಿಯಲ್ಲಿ ಕೋಕಾ ಎಂದು ಬದಿಗೆ ಸರಿಸುವ ಮಾಲು. ಅಂಗಡಿಯ ಅಜ್ಜಿಗೆ ತೋರಿಸಿದೆವು. “ದೇವರಿಗೆ ಎಂಥಾದ ಕೊಟ್ರೂ ನಡಿತೈತೆಂತ ಯಾರ ಹೇಳ್ಯಾರಪ್ಪಾ? ಚಲೋದ ತಂದ ಕೊಟ್ರ ನಾ ಚಲೋದ ಮಾರ್ತೀನಿ” ಎಂದರು.

ಟೆಂಪೊದಲ್ಲಿ ಇದೇ ಚರ್ಚೆ. ಹುಳುಕಿಲ್ಲದ, ಒಂದೇ ಗಾತ್ರದ ಐದು ಚಾಲಿ ಅಡಿಕೆಯ ಪೊಟ್ಟಣ ಕಟ್ಟಿ, ಮೇಲೆ ಊರಿನ ಹೆಸರು, ಸಂಘದ ಹೆಸರು ಹಾಕಿ ಗುಡ್ಡದ ಅಂಗಡಿಗಳಿಗೆ ಕೊಡುವುದು. ಹೊಸ್ತಿಲ ಹುಣ್ಣಿಮೆಗೆ ಮೊದಲ ಕಂತು, ಭಾರತ ಹುಣ್ಣಿಮೆಗೆ ದೊಡ್ಡ ಕಂತು. ಉಡಿಗೆ ಹೋಗುವ ಮಾಲು ನಮ್ಮ ಒಟ್ಟು ಮಾಲಿನ ಮುಂದೆ ಅಲ್ಪ ಎಂದು ಲೆಕ್ಕ ಬಲ್ಲ ಸದಸ್ಯರೊಬ್ಬರು ಆಕ್ಷೇಪಿಸಿದರು. ಅದು ಸರಿಯಾದ ಆಕ್ಷೇಪ. ಆದರೆ ಧಾರವಾಡದ ಪೇಡಾವೂ ಮೊದಲ ದಿನ ಒಂದು ಕಡಾಯಿಯಷ್ಟೇ ಇದ್ದಿರಬೇಕು. ವಿಷಯ ಮುಂದಿನ ಆಡಳಿತ ಮಂಡಳಿ ಸಭೆಗೆ ಬರುತ್ತದೆ. ಸದಸ್ಯರು ಅಭಿಪ್ರಾಯ ಬರೆದು ಕಳಿಸಬೇಕು.

ರಾಮದುರ್ಗ ಮುಟ್ಟುವಾಗ ಬಿಸಿಲು ಇಳಿದಿತ್ತು. ನಮ್ಮ ಘಟ್ಟದ ಸಾಲಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಪೇಟೆಯ ಪಕ್ಕದಲ್ಲೇ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಅದೇ ಹೊಳೆ ಉಕ್ಕಿ ಮನೆಗಳಿಗೆ ನುಗ್ಗಿ ನೇಕಾರರ ಮಗ್ಗಗಳನ್ನು ಮುಳುಗಿಸಿತ್ತು. ಮಗ್ಗದ ಸೀರೆ ಎರಡು, ಸುರೇಬಾನದ ಕಡೆಯಿಂದ ಬಂದ ಬಾರಿಹಣ್ಣು ಒಂದು ಬುಟ್ಟಿ ಕೊಂಡೆವು. ಶಬರಿ ರಾಮನಿಗಾಗಿ ಕಾದದ್ದು ಅಲ್ಲಿನ ಶಬರಿ ಕೊಳ್ಳದಲ್ಲಿ ಎಂದು ಜನ ನಂಬುತ್ತಾರೆ. ಕೊನೆಗೆ ಎರಡು ಚೀಲ ಮಾಲದಂಡಿ ಜೋಳ. ಚೀಲದ ಮೇಲೆ ನಾವೇ ಇದ್ದಿಲಿನಿಂದ “ರಾಮದುರ್ಗ” ಎಂದು ಬರೆದೆವು. ಜೋಳವನ್ನು ಸಂಘದ ಕಚೇರಿಯಲ್ಲಿ ಕೊಂಡ ದರಕ್ಕೇ ಹಂಚಲಾಗುತ್ತದೆ. ಬೇಕಾದವರು ಚೀಲ ತಂದು ಒಯ್ಯಬಹುದು, ಬೀಸಿಸುವುದು ಮಾತ್ರ ವಾರಕ್ಕಾಗುವಷ್ಟು.