ಬಸುರಿ ಮತ್ತು ಮೂರ್ಛೆರೋಗದ ಮಾತ್ರೆ

ಮೂರ್ಛೆರೋಗಕ್ಕೆ ಮಾತ್ರೆ ನುಂಗುತ್ತಿರುವ ಹೆಣ್ಣುಮಗಳು ಬಸುರಿಯಾದಳೆಂದರೆ, ಮಾತ್ರೆ ಬಿಟ್ಟುಬಿಡು ಎನ್ನುವವರು ಮನೆಯಲ್ಲೇ ಇರುತ್ತಾರೆ. ಮಗುವಿನ ಮೇಲಿನ ಅಕ್ಕರೆಯಿಂದ ಬರುವ ಈ ಸಲಹೆ ಬಲು ಅಪಾಯಕಾರಿ. ಔಷಧ ಥಟ್ಟನೆ ನಿಂತರೆ ಫಿಟ್ಸ್ ಮರುಕಳಿಸಬಹುದು, ಒಂದರ ಹಿಂದೆ ಒಂದು ಬಿಡದೆ ಬರಲೂಬಹುದು. ಮೈ ಸೆಟೆದು ನಡುಗುವ ದೊಡ್ಡ ಫಿಟ್ಸ್‌ನಲ್ಲಿ ಹೊಟ್ಟೆಗೆ ಪೆಟ್ಟಾಗಬಹುದು, ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ತಾಯಿಯ ಜೀವಕ್ಕೇ ಕುತ್ತು ಬರಬಹುದು.

ಹಾಗೆಂದು ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಹಲವು ದೇಶಗಳ ಗರ್ಭಿಣಿಯರ ದಾಖಲೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಯುರಾಪ್ ಅಧ್ಯಯನದಲ್ಲಿ, ವಾಲ್‌ಪ್ರೊಯೇಟ್ ಒಂದನ್ನೇ ತೆಗೆದುಕೊಂಡ ತಾಯಂದಿರ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ಅಂಗದೋಷಗಳು ಕಂಡವು. ಲ್ಯಾಮೊಟ್ರಿಜಿನ್, ಲೆವೆಟಿರಸೆಟಮ್‌ಗಳಲ್ಲಿ ಆ ಪ್ರಮಾಣ 3ರ ಆಸುಪಾಸು. ಯಾವ ಔಷಧವನ್ನೂ ತೆಗೆದುಕೊಳ್ಳದ ತಾಯಂದಿರ ಮಕ್ಕಳಿಗಿಂತ ಇದು ಹೆಚ್ಚೇನಲ್ಲ. ವಾಲ್‌ಪ್ರೊಯೇಟ್ ಮಗುವಿನ ಬುದ್ಧಿಬೆಳವಣಿಗೆಯನ್ನೂ ಕುಂಠಿತಗೊಳಿಸಬಲ್ಲದು, ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. ನಮ್ಮ ನೆರೆಯ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯೂ 1998ರಿಂದ ಮೂರ್ಛೆರೋಗವಿರುವ ತಾಯಂದಿರ ದಾಖಲೆ ಇಡುತ್ತ ಬಂದಿದೆ.

ಹಾಗಾದರೆ ಬಸುರಾದ ಮೇಲೆ ಮಾತ್ರೆ ಬದಲಿಸಬೇಕೆ? ಭ್ರೂಣದ ಮೆದುಳು, ಬೆನ್ನುಹುರಿಗಳ ಮೂಲವಾದ ನರನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತದ್ದು ಗಮನಕ್ಕೆ ಬಂದು ಪರೀಕ್ಷೆ ಮಾಡಿಸುವ ವೇಳೆಗೆ ಆ ಘಟ್ಟ ಬಹುಪಾಲು ಕಳೆದಿರುತ್ತದೆ. ಔಷಧ ಬದಲಿಸಲು ತಕ್ಕ ಕಾಲ ಗರ್ಭಕ್ಕೆ ಮುಂಚಿನದು. ಮದುವೆಯ ಮಾತುಕತೆಯ ಹೊತ್ತಿಗೇ ನರರೋಗ ತಜ್ಞರನ್ನು ಕಾಣುವುದು ಮೇಲು. ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವ ರೂಢಿ ಈ ಅವಕಾಶವನ್ನೇ ಕಸಿದುಕೊಳ್ಳುತ್ತದೆ. ಫೋಲಿಕ್ ಆಮ್ಲದ ಮಾತ್ರೆಯೂ ಗರ್ಭಕ್ಕೆ ಮೊದಲೇ ಶುರುವಾಗಬೇಕು.

ಬಸುರಾದ ಮೇಲೆ ಹೊಸ ಔಷಧ ಅನಿವಾರ್ಯವಾದರೆ ಅದು ಹೊಂದಿಕೊಳ್ಳಲು ಹಿಡಿಯುವ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲ್ಯಾಮೊಟ್ರಿಜಿನ್ ಅನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಆತುರಪಟ್ಟರೆ ಚರ್ಮದ ಮೇಲೆ ಪ್ರಾಣಾಂತಿಕ ಗುಳ್ಳೆಗಳೇಳಬಹುದು. ವಾಲ್‌ಪ್ರೊಯೇಟ್ ಜೊತೆಗಿದ್ದರೆ ಇನ್ನೂ ನಿಧಾನ. ಲೆವೆಟಿರಸೆಟಮ್ ಕೆಲವೇ ದಿನಗಳಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ಕೆಲವರಲ್ಲಿ ಸಿಡುಕು, ಖಿನ್ನತೆ ತರುತ್ತದೆ. ಹಳೆಯ ಮಾತ್ರೆಯಿಂದ ಫಿಟ್ಸ್ ಪೂರ್ತಿ ಹತೋಟಿಯಲ್ಲಿದ್ದರೆ, ಅದನ್ನು ಕದಲಿಸುವುದೋ ಬಿಡುವುದೋ ಎಂಬುದನ್ನು ನರರೋಗ ತಜ್ಞರು ಮತ್ತು ಪ್ರಸೂತಿ ತಜ್ಞರು ತಾಯಿಯನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು.

ಬಸುರಿಯ ದೇಹ ಲ್ಯಾಮೊಟ್ರಿಜಿನ್ ಅನ್ನು ಬೇಗ ಹೊರಹಾಕುತ್ತದೆ. ಅದೇ ಪ್ರಮಾಣ ನುಂಗುತ್ತಿದ್ದರೂ ರಕ್ತದಲ್ಲಿ ಔಷಧ ಅರ್ಧಕ್ಕಿಳಿಯಬಹುದು. ಆಗ ಡೋಸ್ ಏರಿಸಿದರೆ ಹೆದರಬೇಕಿಲ್ಲ. ಆದರೆ ಹೆರಿಗೆಯಾದ ಕೆಲವೇ ದಿನಗಳಲ್ಲಿ ಅದನ್ನು ಇಳಿಸಲೇಬೇಕು, ಇಲ್ಲದಿದ್ದರೆ ತಲೆಸುತ್ತು, ತೂರಾಟ ಕಾಣಿಸುತ್ತದೆ. ಮಗುವಿನ ಅಂಗದೋಷ ಪತ್ತೆಹಚ್ಚಲು ಬಸುರಿನ 18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸುವಂತಿಲ್ಲ.

ಈ ಮಾತ್ರೆಗಳನ್ನು ತೆಗೆದುಕೊಳ್ಳುತ್ತಲೇ ಬಹುತೇಕ ತಾಯಂದಿರು ಎದೆಹಾಲು ಕೊಡಬಹುದು. ಬಾಣಂತಿಗೆ ಅಸಲು ಕಾಟ ನಿದ್ದೆಗೇಡು, ಏಕೆಂದರೆ ನಿದ್ದೆಗೆಟ್ಟರೆ ಫಿಟ್ಸ್ ಕೆರಳುತ್ತದೆ. ರಾತ್ರಿ ಮಗುವನ್ನು ನೋಡಿಕೊಳ್ಳಲು ಅಮ್ಮನೋ ಗಂಡನೋ ಪಾಳಿಯ ಮೇಲೆ ಎದ್ದಿರಬೇಕು. ಹಾಲನ್ನು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಕೂತು ಕುಡಿಸಬೇಕು, ಮಗುವಿಗೆ ಸ್ನಾನ ಮಾಡಿಸುವಾಗ ತಾಯಿಯೊಬ್ಬಳೇ ಇರಕೂಡದು.