ಎರಡು ಬೆರಳು ನೀರಿನ ಲೆಕ್ಕ

2025ರ ಆಗಸ್ಟ್‌ನಿಂದ ಬೆಂಗಳೂರಿನ ಸಿಂಗಸಂದ್ರಕ್ಕೆ ಮೆಟ್ರೊ ಬಂದಿದೆ. ಸಮುದ್ರ ಮಾತ್ರ ಇನ್ನೂ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಶುಕ್ರವಾರ ಲ್ಯಾಪ್‌ಟಾಪ್ ಮುಚ್ಚಿ ಮುರುಡೇಶ್ವರದ ಬಸ್ಸು ಹತ್ತುವವರಿಗೆ ಅದೇನೂ ದೂರವಲ್ಲ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ ಸಾಕ್ಷ್ಯಚಿತ್ರಕ್ಕಾಗಿ ಕಡಲಿಗಿಳಿದದ್ದು ಇಲ್ಲೇ.

ಡೈವಿಂಗ್ ಗೀಳು ಹತ್ತಿದವರು ಬಾಡಿಗೆ ಸಲಕರಣೆ ಬಿಟ್ಟು ನೀರಿನಡಿ ಉಸಿರಾಡಲು ಗಾಳಿ ಒದಗಿಸುವ ರೆಗ್ಯುಲೇಟರನ್ನು ಸ್ವಂತಕ್ಕೆ ಕೊಳ್ಳುತ್ತಾರೆ. ಕೊಂಡ ಮೇಲೆ ಒಂದು ಪ್ರಶ್ನೆ ಕಾಡತೊಡಗುತ್ತದೆ: ಉಸಿರೆಳೆಯಲು ಇಷ್ಟು ಕಷ್ಟಪಡಬೇಕೆ?

ಸಿಲಿಂಡರಿನೊಳಗೆ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಕಾರಿನ ಟೈರಿಗೆ ಎರಡು ಚಿಲ್ಲರೆ ಬಾರ್ ಸಾಕು. ಸಿಲಿಂಡರಿನ ಬಾಯಿಗೆ ಕೂರುವ ರೆಗ್ಯುಲೇಟರಿನ ಮೊದಲ ಹಂತ ಆ 200 ಬಾರನ್ನು ಸುತ್ತಲಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಉಳಿದ ಕೆಲಸ ಬಾಯಲ್ಲಿ ಕಚ್ಚಿಕೊಳ್ಳುವ ಎರಡನೇ ಹಂತದ್ದು. ಉಸಿರೆಳೆದಾಗ ಒಳಗಿನ ರಬ್ಬರ್ ಪೊರೆ ಬಾಗಿ ಸಣ್ಣ ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆದು ಗಾಳಿ ನುಗ್ಗುತ್ತದೆ. 1943ರಲ್ಲಿ ಫ್ರಾನ್ಸಿನ ಎಮಿಲ್ ಗಾನ್ಯಾನ್ ಮತ್ತು ಜಾಕ್ ಕುಸ್ಟೊ ಇಂಥ ರೆಗ್ಯುಲೇಟರನ್ನು ರೂಪಿಸಿದರು. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಕಾರನ್ನು ಅನಿಲದಿಂದ ಓಡಿಸಲೆಂದು ಮಾಡಿದ್ದ ಕವಾಟವೇ ಇದರ ಮೂಲ.

ಕವಾಟ ಎಷ್ಟು ಹಗುರವಾಗಿ ತೆರೆಯುತ್ತದೆಂದು ನೋಡಲು ಒಂದು ಬಕೆಟ್ ನೀರು ಸಾಕು. ಸಿಲಿಂಡರಿಗೆ ಜೋಡಿಸಿದ ರೆಗ್ಯುಲೇಟರಿನ ಬಾಯಿತುಂಡನ್ನು ಮೇಲಕ್ಕೆ ಮಾಡಿ ಮೆಲ್ಲನೆ ನೀರಿಗಿಳಿಸಬೇಕು. ಪೊರೆ ತುಸು ಮುಳುಗುತ್ತಿದ್ದಂತೆ ‘ಸ್‌ಸ್’ ಎಂಬ ಸದ್ದು ಶುರುವಾಗುತ್ತದೆ. ಆ ಕ್ಷಣ ಪೊರೆ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅಷ್ಟೇ ಉಸಿರಿನ ಶ್ರಮ. ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್, ಅಂದರೆ ಸುಮಾರು ಎರಡು ಬೆರಳಿನಗಲ ಇದ್ದರೆ ಸರಿ. ಅದಕ್ಕಿಂತ ತೀರಾ ಹೆಚ್ಚಿದ್ದರೆ ಎದೆ ದಣಿಯುತ್ತದೆ. 20 ಮೀಟರ್ ಆಳದಲ್ಲಿ ಎಳೆದುಕೊಳ್ಳುವ ಗಾಳಿ ಮೂರು ಪಟ್ಟು ದಟ್ಟ. ಅಲ್ಲಿ ಏದುಸಿರು ಬಂದರೆ ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ಉಳಿದು ತಲೆನೋವು, ಗಾಬರಿ ಒಂದರ ಹಿಂದೊಂದು ಬರುತ್ತವೆ.

ಹಾಗಂತ ತೀರಾ ಹಗುರ ಮಾಡಿಸುವುದೂ ತಪ್ಪು. ಕವಾಟದ ಸ್ಪ್ರಿಂಗ್ ಅತಿಯಾಗಿ ಸಡಿಲಿಸಿದರೆ ಕೇಳದಿದ್ದರೂ ಗಾಳಿ ಸುರಿಯುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಸೋರುವುದನ್ನು ನಿಲ್ಲಿಸಲು ಗಾಳಿರಂಧ್ರದ ಅಂಚನ್ನು ಕವಾಟದ ರಬ್ಬರ್ ಸೀಟಿಗೆ ಒತ್ತಿ ತಿರುಗಿಸಿದರೆ ಸೀಟಿನಲ್ಲಿ ಗೀರು ಬಿದ್ದು ಸೋರಿಕೆ ಮತ್ತೆ ಶುರು. ಸೋರಿಕೆಯ ಮೂಲ ಮೊದಲ ಹಂತದಲ್ಲೂ ಇರಬಹುದು. ಆದ್ದರಿಂದ ನುರಿತ ಮೆಕ್ಯಾನಿಕ್ ಎರಡನೇ ಹಂತಕ್ಕೆ ಕೈಹಾಕುವ ಮುನ್ನ ಮೊದಲನೆಯದಕ್ಕೆ ಒತ್ತಡಮಾಪಕ ಜೋಡಿಸುತ್ತಾನೆ. ಮುಳ್ಳು ಒಂದೆಡೆ ನಿಲ್ಲದೆ ಮೆಲ್ಲಮೆಲ್ಲನೆ ಮೇಲೇರುತ್ತಿದ್ದರೆ ದೋಷ ಅಲ್ಲಿಯೇ, ಹೆಚ್ಚಾಗಿ ಅಲ್ಲಿನ ಸವೆದ ಸೀಟಿನಲ್ಲಿ. ಆಮೇಲೆ ಸನ್ನೆಯ ಎತ್ತರ: ಅದು ಪೊರೆಗೆ ತಾಗಿಯೂ ತಾಗದಂತಿರಬೇಕು. ಸಣ್ಣ ಸ್ಪ್ಯಾನರ್, ಒಂದೊಂದು ಕೂದಲೆಳೆಯ ತಿರುವು, ಪ್ರತಿ ಸಲವೂ ಮತ್ತೆ ಅಳತೆ. ಇಷ್ಟು ತಾಳ್ಮೆ ಬೇಡುವ ಕೆಲಸವನ್ನು ವಿಡಿಯೊ ನೋಡಿ ಮಾಡಬಾರದು. ಬಕೆಟ್ ಪರೀಕ್ಷೆ ಮನೆಯಲ್ಲಾಗಲಿ, ಬಿಚ್ಚುವುದು ತರಬೇತಿ ಪಡೆದವರ ಕೈಯಲ್ಲಿ.

ಮಳೆಗಾಲದಲ್ಲಿ ನೇತ್ರಾಣಿಯ ಡೈವಿಂಗ್ ನಿಲ್ಲುತ್ತದೆ, ರೆಗ್ಯುಲೇಟರ್ ಬೀರು ಸೇರುತ್ತದೆ. ಅದಕ್ಕೂ ಮುಂಚೆ ಮೊದಲ ಹಂತದ ಮುಚ್ಚಳ ಬಿಗಿಯಾಗಿ ಹಾಕಿ, ಸಿಹಿನೀರಲ್ಲಿ ನೆನೆಸಿ ಉಪ್ಪು ಬಿಡಿಸಬೇಕು. ಆಗ ಎರಡನೇ ಹಂತದ ಮುಂಭಾಗದ ಗುಂಡಿ ಒತ್ತಲೇಬಾರದು. ಒತ್ತಿದರೆ ಕವಾಟ ತೆರೆದು ನೀರು ಕೊಳವೆಯೊಳಗೆ ಇಳಿಯುತ್ತದೆ.